ಮನೊಲೆಸ್ಕು ಯಾರ ವಿಮರ್ಶಕ?

ಮಾನ್ಯರೇ,

ರೊಮೇನಿಯಾದ ವಿಮರ್ಶಕ ನಿಕೊಲಾಯೆ ಮನೊಲೆಸ್ಕು (1939–2024) ಬಗ್ಗೆ ನಿಮ್ಮ ತಕರಾರು ಇಷ್ಟು: ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಕಾಲದುದ್ದಕ್ಕೂ (1965–89) ವಾರವಾರ ಪುಸ್ತಕ ವಿಮರ್ಶೆಯ ಅಂಕಣ ಬರೆದವರು ಸರ್ಕಾರದ ಮನುಷ್ಯರೇ ಆಗಿರಬೇಕು. ರಾಜಿ ಇತ್ತು, ನಿಜ. ಆದರೆ ಎಷ್ಟರದು?

1950ರ ದಶಕದ ಆರಂಭದಲ್ಲಿ ಅವರ ತಂದೆತಾಯಿ ರಾಜಕೀಯ ಕೈದಿಗಳಾಗಿದ್ದರು. ಅಂಥವರ ಮಕ್ಕಳಿಗೆ ಓದು, ಕೆಲಸ ಎರಡಕ್ಕೂ ಆ ದಾಖಲೆ ಅಡ್ಡ ಬರುತ್ತಿತ್ತು. ತಾಯಿಯ ತಂದೆ ಅವರನ್ನು ದತ್ತು ತೆಗೆದುಕೊಂಡರು. ಹೀಗೆ ಅಪ್ಪನ ಮನೆತನದ ಹೆಸರು ಅಪೊಲ್ಜಾನ್ ಹೋಗಿ ಮನೊಲೆಸ್ಕು ಆಯಿತು. 1962ರಲ್ಲಿ 'ಕೊಂಟೆಂಪೊರಾನುಲ್' ವಾರಪತ್ರಿಕೆಯಲ್ಲಿ ಅವರಿಗೆ ಅಂಕಣ ಕೊಟ್ಟ ಸಂಪಾದಕ ಜಾರ್ಜೆ ಇವಾಷ್ಕು ಸ್ವತಃ ಜೈಲು ಕಂಡು ಬಂದವರು. ಮುಂದೆ ಇಬ್ಬರೂ ಲೇಖಕರ ಸಂಘದ ವಾರಪತ್ರಿಕೆ 'ರೊಮೇನಿಯಾ ಲಿತೆರಾರ' ಸೇರಿದರು.

ವಾರಕ್ಕೊಂದು ವಿಮರ್ಶೆ ಎಂದರೆ ವರ್ಷಕ್ಕೆ ಸುಮಾರು ಐವತ್ತು. ಬರುವ ಪುಸ್ತಕಗಳೋ ಅದರ ಹತ್ತಾರು ಪಟ್ಟು. ನಾಯಕನ ಸ್ತುತಿಗೆ ಪತ್ರಿಕೆಯ ಮೊದಲ ಪುಟವೇ ಮೀಸಲು, ಅಲ್ಲಿ ವಿಮರ್ಶಕನ ಮಾತು ನಡೆಯದು. ಪದವಿಯಲ್ಲಿರುವ ಕವಿಯನ್ನು ಹಳಿದರೆ ಅಚ್ಚಾಗುವುದು ಕಷ್ಟ. ಆದರೆ ಅವನ ಪುಸ್ತಕವನ್ನು ಮುಟ್ಟದೇ ಬಿಡಲು ಯಾರ ಅಪ್ಪಣೆ ಬೇಕು? ಆ ಅಂಕಣಗಳನ್ನು ಓದುವಾಗ ಬಿಟ್ಟ ಹೆಸರುಗಳನ್ನೂ ಪಟ್ಟಿ ಮಾಡಿಕೊಳ್ಳಿ.

ತಾರೀಖೂ ನೋಡಿ. ಸಾಹಿತ್ಯಕ್ಕೆ ಬಿಗಿದು 1964ರಿಂದ ಸಡಿಲವಾಗಿದ್ದ ಹಗ್ಗವನ್ನು 1971ರ ಜುಲೈನಲ್ಲಿ ಚೌಷೆಸ್ಕು ಮತ್ತೆ ಬಿಗಿದ. 1977ರಲ್ಲಿ ಸೆನ್ಸಾರ್ ಕಚೇರಿ ಅಧಿಕೃತವಾಗಿ ರದ್ದಾಯಿತು. ಇದು ನೋಡಲು ಚೆನ್ನಾಗಿತ್ತು, ಅಷ್ಟೇ. ಮುದ್ರೆ ಒತ್ತುವವನಿದ್ದಾಗ ಹೊಣೆ ಅವನದು; ಅವನಿಲ್ಲದ ಮೇಲೆ ಪ್ರತಿ ಸಂಪಾದಕನೂ ತನ್ನ ಕುರ್ಚಿ ಉಳಿಸಿಕೊಳ್ಳಲು ಇನ್ನೂ ಹೆಚ್ಚು ಕತ್ತರಿಸತೊಡಗಿದ.

ಅದೇ 1977ರಿಂದ ಬುಖಾರೆಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಸೋಮವಾರದ ಕೂಟ' ಎಂಬ ಸಾಹಿತ್ಯ ಗೋಷ್ಠಿಯನ್ನು ಮನೊಲೆಸ್ಕು ನಡೆಸಿದರು. ಅಲ್ಲಿನ ನಾಲ್ವರು ಕವಿಗಳ ಸಂಕಲನ 1982ರಲ್ಲಿ ಬಂದದ್ದು ಲಿತೆರಾ ಪ್ರಕಾಶನದಿಂದ, ಅಂದರೆ ಲೇಖಕರೇ ದುಡ್ಡು ಕೊಟ್ಟು ಅಚ್ಚು ಹಾಕಿಸುವ ಜಾಗದಿಂದ. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಮಿರ್ಚಾ ಕರ್ತರೆಸ್ಕು ನಾಲ್ವರಲ್ಲಿ ಒಬ್ಬರು. ಮುನ್ನುಡಿ ಮನೊಲೆಸ್ಕು ಅವರದು. ಮರುವರ್ಷವೇ ಅಧಿಕಾರಿಗಳು ಕೂಟವನ್ನು ಮುಚ್ಚಿಸಿದರು. ಸರ್ಕಾರದ ಮನುಷ್ಯನ ಕೂಟವನ್ನು ಸರ್ಕಾರ ಯಾಕೆ ಮುಚ್ಚಿಸೀತು?

ಒಂದು ಕಡೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. 'ಸಾಹಿತ್ಯದ ಗುಣವಷ್ಟೇ ನೋಡುತ್ತೇನೆ' ಎನ್ನುವ ನಿಲುವು ಕೆಟ್ಟ ಕವಿತೆಯನ್ನು ಹೊರಗಿಟ್ಟಿತೇ ಹೊರತು ಬ್ರೆಡ್ಡಿನ ಕ್ಯೂ ಬಗ್ಗೆ ಸೊಲ್ಲೆತ್ತಲಿಲ್ಲ. ಆಳ್ವಿಕೆಯ ವಿರುದ್ಧದ ಮಾತನ್ನು ಪ್ಯಾರಿಸ್‌ನಿಂದ, ಕಮ್ಯುನಿಸ್ಟ್ ದೇಶಗಳಿಗೆ ಅಮೆರಿಕದ ಹಣದಿಂದ ಪ್ರಸಾರವಾಗುತ್ತಿದ್ದ ಫ್ರೀ ಯೂರೋಪ್ ರೇಡಿಯೊದಲ್ಲಿ ಹೇಳುತ್ತಿದ್ದವರು ದೇಶ ಬಿಟ್ಟು ಹೋಗಿದ್ದ ವಿಮರ್ಶಕಿ ಮೋನಿಕಾ ಲೊವಿನೆಸ್ಕು. 1977ರ ನವೆಂಬರ್‌ನಲ್ಲಿ ಅವರನ್ನು ಮನೆಯ ಹತ್ತಿರವೇ ಬಡಿದು ತೀವ್ರವಾಗಿ ಗಾಯಗೊಳಿಸಿದ್ದರು.

– ಸಂ.