ಓದುಗರ ಪ್ರಶ್ನೆ: ಗಿಟಾರ್ ಹಿಡಿದು ಕ್ರೂಸ್ ಹಡಗು ಹತ್ತುವವರಿಗೆ

ಪ್ರಶ್ನೆ: ಐದಾರು ವರ್ಷದಿಂದ ರೋಸ್ (ಕ್ರೈಸ್ತರ ಮದುವೆಯ ಮುಂಚಿನ ಸಮಾರಂಭ), ಮದುವೆ ರಿಸೆಪ್ಶನ್‌ಗಳಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದೇನೆ. ಟ್ರಿನಿಟಿ ಸಂಗೀತ ಪರೀಕ್ಷೆಯ ಐದನೇ ಗ್ರೇಡ್ ಆಗಿದೆ. ಅರುವತ್ತು ಇಂಗ್ಲಿಷ್ ಹಾಡು ಬಾಯಿಪಾಠ ಉಂಟು. ಹಡಗಿನಲ್ಲಿ ಸೋಲೊ ಕೆಲಸಕ್ಕೆ ಇಷ್ಟು ಸಾಕಾ?
– ಓದುಗ, ಕಲ್ಯಾಣಪುರ

ಉತ್ತರ: ಗ್ರೇಡ್ ಸಾಕು, ಹಾಡು ಸಾಲದು. ಹಡಗಿನ ಬಾರಿನಲ್ಲಿ ಸಾಮಾನ್ಯವಾಗಿ 45 ನಿಮಿಷ ಹಾಡಿ 15 ನಿಮಿಷ ಬಿಡುವು. ಇಂಥ ಸೆಟ್ ರಾತ್ರಿಗೆ ನಾಲ್ಕು, ಕೆಲವು ಹಡಗಿನಲ್ಲಿ ಐದು. ಒಂದು ಸೆಟ್ಟಿಗೆ ಹತ್ತು ಹಾಡೆಂದರೂ ರಾತ್ರಿಗೆ ನಲವತ್ತಾಯಿತು. ನಿಮ್ಮ ಅರುವತ್ತು ಎರಡನೇ ರಾತ್ರಿಯ ಅರ್ಧಕ್ಕೇ ಖಾಲಿ. ರಿಸೆಪ್ಶನ್ನಿಗೆ ದಿನಾ ಹೊಸ ಜನ. ಏಳು ರಾತ್ರಿಯ ಪ್ರಯಾಣದಲ್ಲಿ ಹಾಗಲ್ಲ, ಅದೇ ದಂಪತಿ ಅದೇ ಮೂಲೆಯಲ್ಲಿ ದಿನಾ ಬಂದು ಕೂರುತ್ತಾರೆ. ಎಲ್ಲರೂ ಕೇಳುವ ಇಪ್ಪತ್ತು ಹಾಡು ದಿನಾ ಬಂದರೂ ಯಾರೂ ಬೇಸರ ಮಾಡುವುದಿಲ್ಲ, ಉಳಿದವು ಬದಲಾಗಬೇಕು. 150 ಕನಿಷ್ಠ, 250 ಇದ್ದರೆ ನೆಮ್ಮದಿ. ಅದರಲ್ಲಿ ಅರ್ಧದಷ್ಟು 1960–70ರ ದಶಕದವು ಮತ್ತು ಕಂಟ್ರಿ ಇರಲಿ. 80–90ರ ಸಾಫ್ಟ್ ರಾಕ್ ಒಂದು ದೊಡ್ಡ ಪಾಲು, ಕಳೆದ ಹತ್ತು ವರ್ಷದ ಹಾಡು ಮೂವತ್ತಾದರೂ ಬೇಕು. ಹಿಂದಿ ಹಾಡು ಹದಿನೈದು ಇಟ್ಟುಕೊಳ್ಳಿ, ಭಾರತೀಯ ಪ್ರಯಾಣಿಕರು ಹತ್ತಿದ ವಾರ ಬೇಕಾಗುತ್ತದೆ.

ಹಾಡಿನ ಸ್ಕೇಲನ್ನು ಮನೆಯಲ್ಲಿ ಗಂಟಲು ಚೆನ್ನಾಗಿದ್ದಾಗ ಗೊತ್ತು ಮಾಡಬೇಡಿ. ಐದನೇ ರಾತ್ರಿಯ ನಾಲ್ಕನೇ ಸೆಟ್ಟಿನಲ್ಲೂ ಆ ಮೇಲಿನ ಸ್ವರ ಸಿಗಬೇಕು. ಹಡಗಿನ ಏಸಿ ಗಾಳಿ ಗಂಟಲು ಒಣಗಿಸುತ್ತದೆ, ಹಾಗಾಗಿ ಅರ್ಧ ಇಲ್ಲವೇ ಒಂದು ಸ್ವರ ಇಳಿಸಿಯೇ ಅಭ್ಯಾಸ ಮಾಡಿ. ರಿಸೆಪ್ಶನ್ನಿನ ಇನ್ನೊಂದು ಅಭ್ಯಾಸವನ್ನೂ ಬಿಡಬೇಕು: ಸೌಂಡ್. ಬಾರ್‌ಟೆಂಡರ್ ಗಿರಾಕಿಯನ್ನು ಎರಡೆರಡು ಸಲ ಕೇಳಬೇಕಾಗಿ ಬಂದರೆ ನಿಮ್ಮ ಸೌಂಡ್ ಜಾಸ್ತಿಯಾಗಿದೆ ಎಂದೇ ಅರ್ಥ. ಬಾರಿನ ವ್ಯಾಪಾರ, ಪ್ರಯಾಣಿಕರ ಅಭಿಪ್ರಾಯ ಎರಡನ್ನೂ ಮೇಲಿನವರು ನೋಡುತ್ತಿರುತ್ತಾರೆ.

ಡೆಮೊ ವಿಡಿಯೊ ನಾಲ್ಕೈದು ನಿಮಿಷ ಸಾಕು. ಬೇರೆ ಬೇರೆ ಶೈಲಿಯ ಆರು ಹಾಡು, ಒಂದೊಂದು 40–50 ಸೆಕೆಂಡ್, ಮೊದಲ ಹತ್ತು ಸೆಕೆಂಡಿನೊಳಗೆ ಹಾಡುವ ಧ್ವನಿ ಬರಬೇಕು. ಮುಖ, ಎರಡೂ ಕೈ ಒಂದೇ ಫ್ರೇಮಿನಲ್ಲಿ ಕಾಣಲಿ, ಫೋನ್ ಅಡ್ಡ ಹಿಡಿಯಿರಿ. ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ ಆಡಿಯೊಕ್ಕೆ ತುಟಿ ಆಡಿಸಿದ ವಿಡಿಯೊವನ್ನು ಆಯ್ಕೆ ಮಾಡುವವರು ಅಲ್ಲಿಗೇ ಬದಿಗಿಡುತ್ತಾರೆ. ಎರಡು ಹಾಡಿನ ನಡುವೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿ ತೋರಿಸಿ. ದಶಕವಾರು ಹಾಡಿನ ಪಟ್ಟಿ ಜತೆಗಿರಲಿ, ಬಾರದ ಹಾಡು ಅದರಲ್ಲಿ ಬೇಡ. ಆಡಿಷನ್ನಿನಲ್ಲಿ ಪಟ್ಟಿಯಿಂದಲೇ ಕೇಳುತ್ತಾರೆ.

ಪ್ರಶ್ನೆ: ಏಜೆಂಟರೊಬ್ಬರು ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಹಡಗು ಸೇರಿದರಾಯಿತು ಅನ್ನುತ್ತಾರೆ. ನಂಬಬಹುದೇ?
– ಓದುಗ, ಬಜಪೆ

ಉತ್ತರ: ಕೊಡಬೇಡಿ, ಹೋಗಲೂ ಬೇಡಿ. 2015ರಲ್ಲಿ ಭಾರತ ಒಪ್ಪಿಕೊಂಡ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ (ನಾವಿಕನ ಸೇವಾ ದಾಖಲೆ ಪುಸ್ತಕ) ಇವುಗಳ ಖರ್ಚು ನಿಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದ್ದು. ಏಜೆನ್ಸಿಗೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಅದರ ಸಂಖ್ಯೆ ಕೇಳಿ ಪಡೆದು ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿಯ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು, ವಿಳಾಸ, ಅವಧಿ ಮೂರೂ ತಾಳೆ ನೋಡಿ. ಬೇರೆಯವರ ಸಂಖ್ಯೆಯನ್ನು ಲೆಟರ್‌ಹೆಡ್ಡಿನಲ್ಲಿ ಹಾಕಿಕೊಳ್ಳುವುದು ಸುಲಭ. ಅಮೆರಿಕದ ಬಂದರಿನಲ್ಲಿ ಹಡಗು ಸೇರುವವರಿಗೆ ಸಿ1/ಡಿ ಎಂಬ ಸಿಬ್ಬಂದಿ ವೀಸಾವೇ ಬೇಕು. ಟೂರಿಸ್ಟ್ ವೀಸಾದಲ್ಲಿ ಸಿಕ್ಕಿಬಿದ್ದರೆ ವಾಪಸು ಕಳಿಸುತ್ತಾರೆ, ಮುಂದಿನ ವೀಸಾಕ್ಕೂ ಅದು ಅಡ್ಡಿ.

ಕೆಲಸದ ಕ್ರಮ ಹೀಗೆ: ಮೊದಲು ಇಂಡೋಸ್ ಎಂಬ ನಾವಿಕರ ನೋಂದಣಿ ಸಂಖ್ಯೆ. ಅದಿಲ್ಲದೆ ಎಸ್‌ಟಿಸಿಡಬ್ಲ್ಯು (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರದ ಮೂಲ ಸುರಕ್ಷತಾ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಶಿಸ್ತು, ಭದ್ರತೆ ಎಲ್ಲ ಕಲಿಸುತ್ತಾರೆ, ಹಾಡುಗಾರರಿಗೂ ರಿಯಾಯಿತಿಯಿಲ್ಲ. ಆಮೇಲೆ ಸಿಡಿಸಿ, ವೈದ್ಯಕೀಯ ಪರೀಕ್ಷೆ. ಹಳದಿ ಜ್ವರದ ಲಸಿಕೆ ಕೇಳಿದರೆ ಹೊರಡುವ ಮುನ್ನಾದಿನ ಓಡಬೇಡಿ, ಆ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಹತ್ತು ದಿನದ ನಂತರ.

ಪ್ರಶ್ನೆ: ಅಕೌಸ್ಟಿಕ್ ಗಿಟಾರ್, ಪೆಡಲ್, ಐಪ್ಯಾಡ್ ಒಯ್ಯುತ್ತೇನೆ. ಉಪ್ಪುಗಾಳಿಗೆ ಏನು ಜಾಗ್ರತೆ ಮಾಡಬೇಕು?
– ಓದುಗ, ಪರ್ಕಳ

ಉತ್ತರ: ಉಪ್ಪುಗಾಳಿ ಕೆಡಿಸುವುದು ತಂತಿಯನ್ನು. ಮರವನ್ನು ಕೆಡಿಸುವುದು ಏಸಿ. ನಮ್ಮ ಮಳೆಗಾಲದಲ್ಲಿ ತೇವ ಕುಡಿದ ಗಿಟಾರ್ ಕ್ಯಾಬಿನ್ನಿನ ಒಣ ಗಾಳಿಗೆ ಬಿದ್ದಾಗ ಮರ ಕುಗ್ಗುತ್ತದೆ, ಮೇಲ್ಪದರ ತಗ್ಗಿ ತಂತಿ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ತಾಗಿ ಝರ್ ಎನ್ನುತ್ತದೆ, ಫ್ರೆಟ್ಟಿನ ತುದಿ ಅಂಚಿನಿಂದ ಹೊರಬಂದು ಕೈಗೆ ಗೀರುತ್ತದೆ. ಅದನ್ನೇ ಈಜುಕೊಳದ ಡೆಕ್ಕಿನಲ್ಲಿ ನುಡಿಸಿದರೆ ಮರ ಉಬ್ಬಿ ತಂತಿ ಮೇಲೇರುತ್ತದೆ. 45ರಿಂದ 55 ಶೇಕಡಾ ತೇವಾಂಶ ಗಿಟಾರಿಗೆ ಹಿತ. ಗಟ್ಟಿ ಕೇಸಿನೊಳಗೆ 49 ಶೇಕಡಾದ ಎರಡು-ದಾರಿ (ತೇವ ಹೀರುವ, ಬಿಡುವ ಎರಡೂ ಮಾಡುವ) ಪೊಟ್ಟಣ, ತೇವ ಅಳೆಯುವ ಪುಟ್ಟ ಹೈಗ್ರೊಮೀಟರ್ ಇಡಿ. ನುಡಿಸದಾಗ ಗಿಟಾರ್ ಕೇಸಿನಲ್ಲೇ ಇರಲಿ, ಏಸಿ ಬಾಯಿಯ ಕೆಳಗೆ ಬೇಡ. ಹತ್ತಿದ ದಿನವೇ ಟ್ರಸ್ ರಾಡ್ (ಗಿಟಾರಿನ ಕುತ್ತಿಗೆಯೊಳಗಿನ ಸರಳು) ತಿರುಗಿಸಲು ಹೋಗಬೇಡಿ. ಒಂದು ವಾರ ಬಿಟ್ಟು, ಆಗಲೂ ಝರ್ ಎಂದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ನಿಮ್ಮ ಗಿಟಾರಿನ ಅಲೆನ್ ಕೀ ಊರಿಂದಲೇ ಒಯ್ಯಿರಿ. ಲೇಪನವಿರುವ 12–53 ದಪ್ಪದ ತಂತಿ ಆರು ತಿಂಗಳಿಗೆ ಹನ್ನೆರಡು ಸೆಟ್ ಬೇಕು, ಒಂದು, ಎರಡನೇ ತಂತಿ ಬಿಡಿಯಾಗಿ ಇನ್ನೂ ಕೆಲವು. ಬಿಡುವಿನಲ್ಲಿ ಜ್ಯಾಕ್ ಕಳಚಿ. ಜ್ಯಾಕ್ ಸಿಕ್ಕಿಸಿದ್ದಷ್ಟು ಹೊತ್ತು ಗಿಟಾರಿನೊಳಗಿನ ಪ್ರಿಆಂಪಿನ 9 ವೋಲ್ಟ್ ಬ್ಯಾಟರಿ ಕರಗುತ್ತಲೇ ಇರುತ್ತದೆ. ಬೀಟೆ ಮರದ ಗಿಟಾರಿಗೆ ಕಾಗದಪತ್ರದ ಚಿಂತೆ ಬೇಡ. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ವಿನಾಯಿತಿ ಇದೆ. ಬ್ರೆಜಿಲಿಯನ್ ರೋಸ್‌ವುಡ್ಡಿಗೆ ಮಾತ್ರ ಇಲ್ಲ.

ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಸರಿ. ಬರೀ 220 ಎಂದಿದ್ದರೆ ಹಡಗಿನ 110 ವೋಲ್ಟ್ ಪ್ಲಗ್ಗಿನಲ್ಲಿ ಪೆಡಲ್ ಸರಿಯಾಗಿ ನಡೆಯುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಒಯ್ದರೆ ಹಡಗು ಹತ್ತುವಲ್ಲೇ ಕಿತ್ತುಕೊಳ್ಳುತ್ತಾರೆ. ಮನೆಯಲ್ಲಿ ನ್ಯೂಟ್ರಲ್ ನೆಲಕ್ಕೆ ಕೂಡಿರುತ್ತದೆ. ಹಡಗಿನಲ್ಲಿ ಹಾಗಿರುವುದಿಲ್ಲ, ಎರಡೂ ತಂತಿಯಲ್ಲಿ ಕರೆಂಟ್ ಇರುತ್ತದೆ. ಎಲ್ಲೋ ಒಂದು ಕಡೆ ಲೀಕ್ ಆದರೆ ಆ ಪ್ರೊಟೆಕ್ಟರ್ ಕಾದು ಬೆಂಕಿ ಹಿಡಿಯಬಹುದು. ಬ್ಯಾಕಿಂಗ್ ಟ್ರ್ಯಾಕ್ ಎಲ್ಲವೂ ಐಪ್ಯಾಡಿನೊಳಗೇ ಡೌನ್‌ಲೋಡ್ ಆಗಿರಲಿ, ಇನ್ನೊಂದು ಪ್ರತಿ ಫೋನಿನಲ್ಲಿರಲಿ. ಸಮುದ್ರದ ಮಧ್ಯೆ ಇಂಟರ್ನೆಟ್ ನಂಬಿ ಹಾಡಲು ಕೂತರೆ ಮುಗಿಯಿತು.

ಪ್ರಶ್ನೆ: ಮಗ ಹೋಗುತ್ತಿದ್ದಾನೆ. ರಾತ್ರಿ ಹಾಡಿದರೆ ಹಗಲಿಡೀ ಬಿಡುವಂತೆ, ಹೌದೇ? ಕೋಣೆಯಲ್ಲಿ ದೀಪ ಹಚ್ಚಬಹುದೇ?
– ಓದುಗರು, ಕುಂದಾಪುರ

ಉತ್ತರ: ಹಗಲಿಡೀ ಬಿಡುವಿರುವುದಿಲ್ಲ ಅಮ್ಮ. ಸುರಕ್ಷತಾ ಡ್ರಿಲ್ಲಿನಲ್ಲಿ ಹಾಡುಗಾರರಿಗೂ ಕೆಲಸವಿದೆ, ಮೆಟ್ಟಿಲ ಬಳಿ ನಿಂತು ಪ್ರಯಾಣಿಕರಿಗೆ ದಾರಿ ತೋರುವಂಥದ್ದು. ಮಧ್ಯರಾತ್ರಿ ಹಾಡಿ ಮುಗಿಸಿ ಬೆಳಿಗ್ಗೆ ಡ್ರಿಲ್ಲಿಗೆ ಏಳಬೇಕಾದ ದಿನಗಳಿರುತ್ತವೆ. ನಿಯಮದಂತೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ಅದರಲ್ಲಿ ಒಂದು ಭಾಗ ಸತತ 6 ಗಂಟೆ ಇರಲೇಬೇಕು. ದೀಪ, ಊದುಬತ್ತಿ, ಕೆಟಲ್ ಯಾವುದೂ ಕ್ಯಾಬಿನ್ನಿನಲ್ಲಿ ನಡೆಯುವುದಿಲ್ಲ. ದೇವರ ಫೋಟೊ ಇಟ್ಟುಕೊಳ್ಳಲಿ.

ಪ್ರಶ್ನೆ: ಆರು ತಿಂಗಳ ಕಾಂಟ್ರಾಕ್ಟ್. ಅನಿವಾಸಿ ಎಂದು ತೆರಿಗೆ ಉಳಿಯುತ್ತದೆಯೇ?
– ಓದುಗ, ಬಿಜೈ

ಉತ್ತರ: ದಿನ ಎಣಿಸಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದಿರಬೇಕು, ಅಂದರೆ ಹೊರಗೆ ಕನಿಷ್ಠ 184 ದಿನ. ಅಕ್ಟೋಬರ್ 1ರಿಂದ ಮಾರ್ಚ್ 31ರ ತನಕ ಹೋದರೆ ಆಗುವುದು 182, ಎರಡು ದಿನ ಕಮ್ಮಿ. ಜನವರಿಯಲ್ಲಿ ಹೊರಟು ಜೂನ್‌ನಲ್ಲಿ ಬಂದರಂತೂ ಆರು ತಿಂಗಳು ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಲೆಕ್ಕಕ್ಕೆ ಸಿಡಿಸಿಯಲ್ಲಿನ ಸೈನ್ ಆನ್ (ಹಡಗು ಸೇರಿದ), ಸೈನ್ ಆಫ್ (ಇಳಿದ) ತಾರೀಕು ಮುಖ್ಯ. ಇಳಿಯುವ ದಿನ ಆ ಪುಟಕ್ಕೆ ಮುದ್ರೆ ಬಿದ್ದಿದೆಯೇ ನೋಡಿ, ಫೋಟೊ ತೆಗೆದಿಡಿ. ಸಂಬಳ ನೇರವಾಗಿ ಅನಿವಾಸಿಗಳ ಎನ್‌ಆರ್‌ಇ ಖಾತೆಗೆ ಬರುವಂತೆ ಹೊರಡುವ ಮೊದಲೇ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿಕೊಳ್ಳಿ.