ಸೌತ್ ಬೀಚ್ ಡಯಟ್ ನಮ್ಮ ರೊಟ್ಟಿ, ಅನ್ನದ ಊಟಕ್ಕೆ ಹೊಂದುತ್ತದೆಯೇ?

ನೀವು ಸಿಂಧನೂರಿನಿಂದ ಕೇಳಿರುವುದು ಇದು: ನಿಮ್ಮ ಯಜಮಾನರಿಗೆ ತೂಕ ಹೆಚ್ಚಿದೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಗೆಳೆಯರು ಹೇಳಿದ, ಅನ್ನ ರೊಟ್ಟಿಯಂಥ ಪಿಷ್ಟದ ಆಹಾರ ಕಡಿಮೆ ಮಾಡಿ ತೂಕ ಇಳಿಸುವ ಸೌತ್ ಬೀಚ್ ಡಯಟ್ ಅನ್ನು ಏಪ್ರಿಲ್‌ನಿಂದ ಆರಂಭಿಸಬಹುದೇ ಎಂದು. ಬಳ್ಳಾರಿಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುವ ನನ್ನ ಅಭಿಪ್ರಾಯವೆಂದರೆ, ಆ ಯೋಜನೆಯ ಮೊದಲ ಹಂತವನ್ನು ಬಿಟ್ಟು ನೇರವಾಗಿ ಎರಡನೆಯದರಿಂದ ಆರಂಭಿಸುವುದು ಒಳ್ಳೆಯದು.

ಈ ಯೋಜನೆಯನ್ನು ರೂಪಿಸಿದವರು ಅಮೆರಿಕದ ಮಯಾಮಿಯ ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್. ಹೃದಯದ ರಕ್ತನಾಳಗಳಲ್ಲಿ ಸೇರಿದ ಸುಣ್ಣದ ಅಂಶವನ್ನು ಅಳೆಯುವ ಸ್ಕೋರ್‌ಗೂ ಅವರದೇ ಹೆಸರಿದೆ. ಆದ್ದರಿಂದ ಇದನ್ನು ಯಾರೋ ಮಾರಾಟಗಾರರ ಕಲ್ಪನೆ ಎಂದು ತಳ್ಳಿಹಾಕಲಾಗದು. 2003ರಲ್ಲಿ ಪುಸ್ತಕವಾಗಿ ಬಂದ ಈ ಯೋಜನೆಯಲ್ಲಿ ಮೂರು ಹಂತಗಳಿವೆ. ಮೊದಲ ಎರಡು ವಾರ ಅನ್ನ, ರೊಟ್ಟಿ, ಆಲೂಗಡ್ಡೆ, ಹಣ್ಣು, ಸಕ್ಕರೆ, ಮದ್ಯ ಯಾವುದೂ ಇಲ್ಲ. ಬೇಳೆಕಾಳು, ಸೊಪ್ಪು, ಮೊಟ್ಟೆ, ಮೀನು ಇರುತ್ತವೆ. ಎರಡನೆಯ ಹಂತದಲ್ಲಿ ಇಡೀ ಧಾನ್ಯ ಮತ್ತು ಹಣ್ಣುಗಳು ಸ್ವಲ್ಪ ಸ್ವಲ್ಪವಾಗಿ ಮರಳುತ್ತವೆ. ಬಯಸಿದ ತೂಕಕ್ಕೆ ಬಂದ ಮೇಲೆ ಅದನ್ನು ಉಳಿಸಿಕೊಳ್ಳುವುದು ಮೂರನೆಯದು.

ಜನರನ್ನು ಸೆಳೆಯುವುದು ಮೊದಲ ಹಂತದ ಭರವಸೆ: ಎರಡೇ ವಾರದಲ್ಲಿ ಮೂರೂವರೆಯಿಂದ ಆರು ಕಿಲೊ ಇಳಿಕೆ. ಇದನ್ನು ಲೆಕ್ಕ ಹಾಕಿ ನೋಡೋಣ. ಒಂದು ಕಿಲೊ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೊ ಕ್ಯಾಲರಿಯ ಕೊರತೆ ಬೇಕು. ಹಾಗಿದ್ದರೆ ಹದಿನಾಲ್ಕು ದಿನಗಳಲ್ಲಿ ಆರು ಕಿಲೊ ಕೊಬ್ಬು ಹೋಗಲು ದಿನಕ್ಕೆ 3,300 ಕಿಲೊ ಕ್ಯಾಲರಿ ಕಡಿಮೆಯಾಗಬೇಕು. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಗಂಡಸು ಇಡೀ ದಿನ ಉಪವಾಸವಿದ್ದರೂ ಅಷ್ಟು ಕೊರತೆಯಾಗುವುದಿಲ್ಲ. ಹಾಗಾದರೆ ತಕ್ಕಡಿಯಲ್ಲಿ ಇಳಿದದ್ದು ಏನು? ಬಹುಪಾಲು ನೀರು. ದೇಹವು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಪಿಷ್ಟದ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಧಾನ್ಯ ನಿಲ್ಲಿಸಿದೊಡನೆ ಆ ದಾಸ್ತಾನು ಖಾಲಿಯಾಗಿ ನೀರೂ ಉಪ್ಪಿನಂಶವೂ ಹೊರಹೋಗುತ್ತವೆ, ಮತ್ತೆ ಅನ್ನ ಉಂಡೊಡನೆ ತೂಕ ಮರಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಬೆವರಿನೊಂದಿಗೆ ಈ ನಷ್ಟವೂ ಸೇರಿದರೆ ತಲೆಸುತ್ತು ಬರುವುದು ಸಹಜ.

ಇನ್ನೂ ಗಂಭೀರವಾದದ್ದು ಮಾತ್ರೆಯ ವಿಷಯ. ನಿಮ್ಮ ಯಜಮಾನರು ತೆಗೆದುಕೊಳ್ಳುವುದು ದೇಹದ ಇನ್ಸುಲಿನ್ ಹೆಚ್ಚಿಸುವ ಗ್ಲಿಮಿಪಿರೈಡ್ ಜಾತಿಯ ಮಾತ್ರೆಯಾಗಿದ್ದರೆ, ಇದ್ದಕ್ಕಿದ್ದಂತೆ ಅನ್ನ, ರೊಟ್ಟಿ ಬಿಟ್ಟಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯಾದರೆ, ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ಹೆಚ್ಚುವ ಬೇರೆಯೇ ಅಪಾಯವಿದೆ. ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ಊಟದ ಬದಲಾವಣೆಯನ್ನು ಅವರಿಗೆ ತಿಳಿಸದೆ ಯಾವ ಹಂತವನ್ನೂ ಆರಂಭಿಸಬೇಡಿ.

ಎರಡನೆಯ ಹಂತದ ತಿರುಳು ನಮ್ಮ ಭಾಗದ ಹಳೆಯ ಜೋಳದ ರೊಟ್ಟಿಯ ಊಟಕ್ಕೆ ಹತ್ತಿರವಾದದ್ದು. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಹೊಲಗಳೂ ತಟ್ಟೆಗಳೂ ಭತ್ತದ ಕಡೆ ವಾಲಿದವು. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇರುವುದಿಲ್ಲ. ಆದರೆ ಜೋಳವೆಂದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಅದು ಸರಿಯಲ್ಲ. ಶಕ್ತಿಯ ಲೆಕ್ಕದಲ್ಲಿ ಜೋಳ ಮತ್ತು ಅಕ್ಕಿಗೆ ಹೆಚ್ಚು ಅಂತರವಿಲ್ಲ. ಆದ್ದರಿಂದ ಒಂದು ಹೊತ್ತಿಗೆ ಎರಡು ರೊಟ್ಟಿ, ಅದಕ್ಕಿಂತ ಹೆಚ್ಚಾಗಿ ಪುಂಡಿ ಪಲ್ಯ ಅಥವಾ ಬೇರೆ ಸೊಪ್ಪಿನ ಪಲ್ಯ, ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಮಡಿಕೆ ಕಾಳು, ಹಸಿ ಸವತೆಕಾಯಿ, ಮಜ್ಜಿಗೆ ಇರಲಿ. ರೊಟ್ಟಿ ಮುಗಿದ ಮೇಲೆ ಅನ್ನ ಸಾರು ಬಡಿಸುವ ರೂಢಿಯನ್ನು ಬಿಡಿ. ನನ್ನ ಬಳಿ ಬರುವವರಿಗೆ ಅತ್ಯಂತ ಕಷ್ಟವಾಗುವುದು ಇದೇ, ಏಕೆಂದರೆ ಅನ್ನ ಉಣ್ಣದಿದ್ದರೆ ಊಟ ಮುಗಿದಂತೆಯೇ ಅವರಿಗೆ ಅನ್ನಿಸುವುದಿಲ್ಲ. ಶೇಂಗಾ ಚಟ್ನಿ ಒಂದು ಚಮಚ ಸಾಕು. ಸಂಜೆಯ ಒಗ್ಗರಣೆ ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಳಿಸಿ.

ಪಿಷ್ಟ ಕಡಿಮೆ ಮಾಡುವ ಪದ್ಧತಿಯೇ ಶ್ರೇಷ್ಠ ಎಂಬ ವಾದಕ್ಕೂ ಬಲವಾದ ಆಧಾರವಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 609 ಮಂದಿಯನ್ನು ಎರಡು ಗುಂಪುಗಳಾಗಿಸಿ, ಒಂದಕ್ಕೆ ಕೊಬ್ಬು ಕಡಿಮೆಯಿರುವ, ಇನ್ನೊಂದಕ್ಕೆ ಪಿಷ್ಟ ಕಡಿಮೆಯಿರುವ ಆರೋಗ್ಯಕರ ಊಟವನ್ನು ಸೂಚಿಸಿದ್ದರು. ವರ್ಷದ ಕೊನೆಗೆ ಎರಡೂ ಗುಂಪಿನವರು ಸರಾಸರಿ ಐದಾರು ಕಿಲೊ ಇಳಿದಿದ್ದರು, ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ವಾರವಲ್ಲ, ಒಂದು ವರ್ಷ ಎಂಬುದನ್ನು ಗಮನಿಸಿ.

ತಿಂಗಳಿಗೆ ಎರಡು ಕಿಲೊ ಇಳಿದರೆ ತೃಪ್ತಿಪಡಿ. ತಕ್ಕಡಿಯ ಜೊತೆಗೆ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಿ. ಭಾರತೀಯ ಗಂಡಸರಿಗೆ ಅದು 90 ಸೆಂಟಿಮೀಟರ್ ಒಳಗಿರಬೇಕು. ಮೂರು ತಿಂಗಳ ನಂತರ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಮುಂದಿಟ್ಟುಕೊಂಡು ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸುವಂತೆ ವೈದ್ಯರನ್ನು ಕೇಳಿ.