ಆ ಪುಸ್ತಕ ಮಗಳ ಕೈಯಲ್ಲೇ ಇರಲಿ

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ಹತ್ತು ವರ್ಷದ ಮಗಳು ಸ್ಕೂಲ್ ಲೈಬ್ರರಿಯಿಂದ ಮಕ್ಕಳ ಲೇಖಕಿ ಜಾಕ್ವೆಲಿನ್ ವಿಲ್ಸನ್ ಅವರ ಪುಸ್ತಕ ತಂದಿದ್ದಾಳೆ, ಅದರ ತುಂಬ ಅಪ್ಪ ಅಮ್ಮನ ಡಿವೋರ್ಸ್, ಓದಲು ಬಿಡಲೋ ಬೇಡವೋ ಅಂತ ಕೇಳಿದ್ದೀರಿ.

ಬಿಡಿ. ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನನ್ನ ಮಗಳೂ ಇದೇ ವಯಸ್ಸಿಗೆ ಇದೇ ಪುಸ್ತಕ ತಂದಿದ್ದಳು. ಅರ್ಧ ಓದಿದ್ದಳು, ಅಷ್ಟರಲ್ಲಿ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ತಪ್ಪು ಮಾಡಿದೆ ಅಂತ ಗೊತ್ತಾಗಿದ್ದು ಒಂದು ಶುಕ್ರವಾರ ಸಂಜೆ.

ಅವತ್ತು ಸ್ಕೂಲ್ ಗೇಟಿನ ಹತ್ತಿರ ಅವಳ ಗೆಳತಿ ನಿಂತಿದ್ದಳು. ಹೆಗಲಿಗೆ ಪುಸ್ತಕದ ಬ್ಯಾಗು, ಕಾಲ ಬಳಿ ಇನ್ನೊಂದು ದೊಡ್ಡ ಚೀಲ, ಜಿಪ್ಪಿನ ಸಂದಿಯಲ್ಲಿ ಪೈಜಾಮದ ತುದಿ. 'ಊರಿಗೆ ಹೊರಟಿದ್ದೀಯಾ?' ಅಂತ ಸುಮ್ನೆ ಕೇಳಿದೆ. 'ಇಲ್ಲ, ಈ ವಾರ ಅಪ್ಪನ ಮನೆ' ಅಂದಳು. ನನಗೆ ಮಾತೇ ಹೊರಡಲಿಲ್ಲ. ನನ್ನ ಮಗಳು ಏನೂ ಕೇಳದೆ ಆ ಚೀಲದ ಒಂದು ಹಿಡಿ ಹಿಡಿದುಕೊಂಡು ಅವರಪ್ಪನ ಕಾರಿನ ತನಕ ಹೋಗಿ ಬಂದಳು. ಆ ರಾತ್ರಿ ಪುಸ್ತಕ ಕೆಳಗಿಳಿಸಿ ನಾನೇ ಓದಿದೆ.

1992ರಲ್ಲಿ ಬಂದ 'ದಿ ಸೂಟ್‌ಕೇಸ್ ಕಿಡ್' ಅದು. ಕಥೆಯ ಹುಡುಗಿ ಆಂಡಿ ಒಂದು ವಾರ ಅಮ್ಮನ ಹೊಸ ಮನೆಯಲ್ಲಿ, ಇನ್ನೊಂದು ವಾರ ಅಪ್ಪನ ಹೊಸ ಮನೆಯಲ್ಲಿ. ಎರಡೂ ಕಡೆ ಬೇರೆ ಮಕ್ಕಳಿದ್ದಾರೆ, ತನ್ನದು ಅನ್ನುವ ಮೂಲೆ ಎಲ್ಲೂ ಇಲ್ಲ. ಜೊತೆಗಿರುವುದು ರ‍್ಯಾಡಿಶ್ ಅನ್ನೋ ಪುಟಾಣಿ ಬೊಂಬೆ ಮೊಲ. ಅವಳಿಗೆ ಬೇಕಾಗಿರುವುದು ಹಿಪ್ಪುನೇರಳೆ ಮರವಿದ್ದ ಆ ಹಳೇ ಮನೆ. ಅಪ್ಪ ಅಮ್ಮ ಕೊನೆಗೂ ಒಂದಾಗುವುದಿಲ್ಲ. ಮಕ್ಕಳಿಗೆ ಸುಳ್ಳು ಸಮಾಧಾನ ಹೇಳದ ಈ ಗುಣಕ್ಕೇ ನನಗೆ ಈ ಲೇಖಕಿ ಇಷ್ಟ.

ವಿಲ್ಸನ್ ಹುಟ್ಟಿದ್ದು 1945ರಲ್ಲಿ ಬಾತ್ ಊರಿನಲ್ಲಿ, ಬೆಳೆದದ್ದು ಲಂಡನ್ ಹತ್ತಿರದ ಕಿಂಗ್‌ಸ್ಟನ್‌ನಲ್ಲಿ. ಅಪ್ಪ ಅಮ್ಮನಿಗೆ ಹೊಂದಾಣಿಕೆ ಇರಲಿಲ್ಲ. ಮನೆಯೊಳಗಿನ ಜಗಳ ಮಗುವಿಗೆ ಹೇಗೆ ಕೇಳಿಸುತ್ತದೆ ಅಂತ ವಿಲ್ಸನ್‌ಗೆ ಗೊತ್ತು. 1991ರಲ್ಲಿ ಬಂದ ಅವರ ಇನ್ನೊಂದು ಪುಸ್ತಕದ ನಾಯಕಿ ಟ್ರೇಸಿ ಬೀಕರ್ ಮಕ್ಕಳ ಆಶ್ರಮದಲ್ಲಿ ಬೆಳೆಯುವ ಹುಡುಗಿ. ಇಲ್ಲಿನ ಮಕ್ಕಳು ಈ ಪುಸ್ತಕಗಳನ್ನು ಎಷ್ಟು ಓದುತ್ತಾರೆ ಅಂದರೆ, 2000ದ ದಶಕದಲ್ಲಿ ಬ್ರಿಟನ್ನಿನ ಸಾರ್ವಜನಿಕ ಲೈಬ್ರರಿಗಳಿಂದ ಜನ ಅತಿ ಹೆಚ್ಚು ಮನೆಗೆ ಒಯ್ದದ್ದು ಈಕೆಯ ಪುಸ್ತಕಗಳನ್ನೇ.

ಹಾಗಂತ ಎಲ್ಲವನ್ನೂ ಈಗಲೇ ಕೊಡಬೇಡಿ. 'ಲವ್ ಲೆಸನ್ಸ್' ದೊಡ್ಡ ಹುಡುಗಿಯರಿಗೆ. 'ದಿ ಇಲಸ್ಟ್ರೇಟೆಡ್ ಮಮ್'ನಲ್ಲಿ ಅಮ್ಮನ ಮನಸ್ಸಿನ ಕಾಯಿಲೆ ಇದೆ, ತುಂಬಾ ಒಳ್ಳೆಯ ಪುಸ್ತಕ, ಆದರೆ ಒಂದೆರಡು ವರ್ಷ ಬಿಟ್ಟು ನೀವೂ ಪಕ್ಕದಲ್ಲಿ ಕೂತು ಓದಿ. ಊರಿನ ಲೈಬ್ರರಿಯಲ್ಲಿ ಸದಸ್ಯತ್ವಕ್ಕೆ ದುಡ್ಡಿಲ್ಲ, ಈ ಶನಿವಾರವೇ ಅವಳ ಹೆಸರು ಬರೆಸಿ.

ಇನ್ನೊಂದು ಮಾತು. ನಿಮ್ಮ ಮಗಳು ಆ ಪುಸ್ತಕ ಹಿಡಿದಿರುವುದು ಡಿವೋರ್ಸ್‌ಗಾಗಿ ಅಂತ ನನಗೆ ಅನ್ನಿಸುವುದಿಲ್ಲ. ಅವಳೂ ಸೂಟ್‌ಕೇಸ್ ಹಿಡಿದು ಹಳೇ ಮನೆ ಬಿಟ್ಟು ಬಂದವಳು, ಅಲ್ವಾ? ಅಜ್ಜಿ, ಅಂಗಳ, ಪಕ್ಕದ ಮನೆ ಗೆಳತಿ ಎಲ್ಲಾ ಅಲ್ಲೇ ಉಳಿದರು. ಇವತ್ತು ರಾತ್ರಿ ಮಲಗೋ ಮುಂಚೆ ಅವಳ ಪಕ್ಕ ಕೂತು, ಆ ಮನೆಯಲ್ಲಿ ಅವಳಿಗೆ ಯಾವುದು ಜಾಸ್ತಿ ನೆನಪಾಗುತ್ತದೆ ಅಂತ ಕೇಳಿ.